ಹನ್ನೊಂದು ಪೆಟ್ಟಿಗೆಯ ಕಾರು

ಉಂಡವರು ಕೈ ತೊಳೆದು ಬನ್ನಿ, ಉಣ್ಣದವರು ಉಣ್ಣುತ್ತಲೇ ಕೇಳಿ. ದಾವಣಗೆರೆಯಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಬೇರೆ ಯಾರೂ ಅಲ್ಲ, ನನ್ನ ಸ್ವಂತ ತಂಗಿ ಕೊಟ್ರಮ್ಮ. ಮಗನ ಹೆಸರು ಹಾಲೇಶ. ಅವರದು ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಸುರಿದು ಹುರಿಯುವುದು, ಜರಡಿ ಹಿಡಿದು ಮಂಡಕ್ಕಿ ತೆಗೆಯುವುದು, ಚೀಲಕ್ಕೆ ತುಂಬುವುದು. ಮೂರೇ ಕೆಲಸ. ಆ ಮೂರರಲ್ಲಿ ಒಂದೂ ಹಾಲೇಶನಿಗೆ ಬರುತ್ತಿರಲಿಲ್ಲ.

"ಭಟ್ಟಿ ನೋಡ್ತಿರೋ" ಅಂದರೆ ಭಟ್ಟಿಯ ಎದುರು ಕೂತು ನೋಡುತ್ತಿದ್ದ. ಬೆಂಕಿ ಆರುತ್ತಿತ್ತು, ಅವನು ನೋಡುತ್ತಿದ್ದ. ಬೆಂಕಿ ಪೂರ್ತಿ ಆರಿ ತಣ್ಣಗಾಗುತ್ತಿತ್ತು, ಇನ್ನೂ ನೋಡುತ್ತಿದ್ದ.

"ಜರಡಿ ಹಿಡಿಯೋ" ಅಂದರೆ ಹಿಡಿದು ನಿಲ್ಲುತ್ತಿದ್ದ. ಅಲ್ಲಾಡಿಸು ಎಂದು ಯಾರೂ ಹೇಳಿರಲಿಲ್ಲವಲ್ಲ.

ಹೆಣ್ಣು ನೋಡಲು ಕರೆದುಕೊಂಡು ಹೋದೆವು. ಹುಡುಗಿಯ ಸೋದರಮಾವ ಸಲುಗೆಯಿಂದ, "ನಾಚಿಕೋಬೇಡಪ್ಪ, ಹುಡುಗೀನ ಚೆನ್ನಾಗಿ ನೋಡು" ಅಂದ. ಹಾಲೇಶ ಮುಕ್ಕಾಲು ಗಂಟೆ ರೆಪ್ಪೆ ಬಡಿಯದೆ ನೋಡಿದ. ಹುಡುಗಿ ಅಳುತ್ತಾ ಎದ್ದು ಒಳಗೆ ಓಡಿದಳು.

ಹೀಗೆ ಆರು ಕಡೆ ಆಯಿತು. ಹಾಲೇಶನಿಗೆ ಇಪ್ಪತ್ತೊಂಬತ್ತು ತುಂಬಿತು. ಕೊಟ್ರಮ್ಮ ನನ್ನ ಮನೆಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಕಣ್ಮುಚ್ಚಿದ ಮೇಲೆ ಇವನಿಗೆ ಯಾರಕ್ಕ ಗತಿ? ಉಣ್ಣು ಅಂತ ಹೇಳೋರು ಇದ್ರೆ ಉಣ್ತಾನೆ. ಸಾಕು ಅಂತ ಹೇಳೋರು ಇದ್ರೆ ನಿಲ್ಲಿಸ್ತಾನೆ. ಒಬ್ಬಳು ಹೆಣ್ಣು ಬೇಕಕ್ಕ ಇವನಿಗೆ, ಒಬ್ಬಳೇ ಒಬ್ಬಳು."

ಅದೇ ವಾರ ಹರಿಹರದಿಂದ ಒಂದು ಸುದ್ದಿ ಬಂತು.

ಹರಿಹರದಲ್ಲಿ ಓಂಕಾರಪ್ಪ ಎಂಬ ಮೇಷ್ಟ್ರು. ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಫಿಟ್ಟಿಂಗ್ ಕಲಿಸಿ ನಿವೃತ್ತರಾದವರು. ಅವರಿಗೊಂದು ಹುಚ್ಚು ಹಿಡಿದಿತ್ತು: ತನ್ನ ಕಾರು ತಾನೇ ಜೋಡಿಸಬೇಕು. ಯಾವುದೋ ಕಂಪನಿಗೆ ಬರೆದು ಬಿಡಿಭಾಗಗಳನ್ನು ತರಿಸಿದರು. ಹನ್ನೊಂದು ಪೆಟ್ಟಿಗೆ ಬಂದವು, ಜೊತೆಗೊಂದು ದಪ್ಪ ಪುಸ್ತಕ ಬಂತು. ಕಂಪನಿ ಬಾಗಿಲು ಹಾಕಿತು. ಪೆಟ್ಟಿಗೆ ಬಿಚ್ಚಿದರೆ ಬೋಲ್ಟು ತೂತಿಗೆ ಹೋಗುವುದಿಲ್ಲ, ರಾಡು ಕೊಂಡಿಗೆ ಕೂರುವುದಿಲ್ಲ, ಬಾಗಿಲು ಚೌಕಟ್ಟಿಗೆ ಹಿಡಿಸುವುದಿಲ್ಲ. ಮೇಷ್ಟ್ರು ಪುಸ್ತಕ ಓದಿದರು, ನೂಕಿದರು. ಮತ್ತೆ ಓದಿದರು, ಮತ್ತೆ ನೂಕಿದರು. ಹೀಗೆ ಏಳು ವರ್ಷ.

ಅವರಿಗೊಬ್ಬಳೇ ಮಗಳು, ನೀಲಗಂಗಾ. ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬಂದ ಗಂಡುಗಳೆಲ್ಲ ಕೂತು ಉಪ್ಪಿಟ್ಟು ತಿಂದು ತಮ್ಮ ಪ್ರತಾಪ ಹೇಳಿಕೊಂಡು ಹೋಗುತ್ತಿದ್ದರು. ಒಂದು ದಿನ ಅವಳು ತಂದೆಗೆ ಹೇಳಿದಳಂತೆ, "ಮಾತಾಡೋರನ್ನ ನೋಡಿ ಸಾಕಾಯ್ತಪ್ಪ. ಈ ಕಾರನ್ನ ಜೋಡಿಸಿ ಆಯುಧಪೂಜೆ ದಿನ ನಮ್ಮನೆಗೆ ಯಾರು ತರ್ತಾರೋ ಅವರನ್ನ ಮದುವೆ ಆಗ್ತೀನಿ."

ಒಬ್ಬ ಇಂಜಿನಿಯರು ಪೆಟ್ಟಿಗೆಗಳನ್ನು ಒಯ್ದು ನಾಲ್ಕನೇ ದಿನಕ್ಕೆ ವಾಪಸ್ ಕಳಿಸಿದ. ಗ್ಯಾರೇಜಿನ ಮಾಲೀಕನೊಬ್ಬ ಹತ್ತನೇ ದಿನಕ್ಕೆ ಕಳಿಸಿದ. ಮೂರನೆಯವನು ಪುಸ್ತಕ ಮಾತ್ರ ಒಯ್ದ, ಪುಸ್ತಕವನ್ನೂ ಕಳಿಸಿದ.

"ಅವ್ವ, ನಾನು ಜೋಡಿಸ್ಲಾ?" ಅಂದ ಹಾಲೇಶ.

ಕೊಟ್ರಮ್ಮ ಹಣೆ ಬಡಿದುಕೊಂಡಳು. "ನಿನ್ನ ಅಂಗಿ ಗುಂಡಿ ನೀನು ಸರಿಯಾಗಿ ಹಾಕ್ಕೊಳ್ಳೋ ಮೊದಲು."

ಹಾಲೇಶ ಬಗ್ಗಿ ನೋಡಿ ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿಕೊಂಡ. "ಹಾಕ್ಕೊಂಡೆ. ಈಗ?"

ನಾನೇ ಅಂದೆ, "ಬಿಡೇ, ತರಿಸೋಣ. ಓದಿದವರ ಕೈಲಿ ಆಗಲಿಲ್ಲ, ಇವನ ಕೈಲೂ ಆಗದೇ ಹೋದರೆ ನಗೋರು ಯಾರು?"

ಶ್ರಾವಣದ ಮೊದಲ ಸೋಮವಾರ ಪೆಟ್ಟಿಗೆಗಳು ಬಂದವು. ಪಟ್ಟಿ ನಾನೇ ಬರೆದೆ: ದೊಡ್ಡ ಪೆಟ್ಟಿಗೆ ನಾಲ್ಕು, ಸಣ್ಣವು ಏಳು. ಚಕ್ರ ನಾಲ್ಕು. ಬಾಗಿಲು ಎರಡು, ಒಂದಕ್ಕಿಂತ ಒಂದು ನಾಲ್ಕು ಬೆರಳು ಉದ್ದ. ಪುಸ್ತಕ ಒಂದು. ಆ ಪುಸ್ತಕವನ್ನು ಹಾಲೇಶ ಎಂಜಿನ್ ಕೆಳಗೆ ಒತ್ತಾಗಿ ಇಟ್ಟ. ಹಾಗೆ ಇಡು ಎಂದು ಯಾರೂ ಹೇಳಿರಲಿಲ್ಲ, ಅದೊಂದು ಅವನದೇ ಬುದ್ಧಿ.

ಮೊದಲ ದಿನ ಅಡಿಯ ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಲು ಕೂತ. ಬೋಲ್ಟು ದಪ್ಪ, ತೂತು ಸಣ್ಣ. ಸುತ್ತಿಗೆ ತೆಗೆದುಕೊಂಡು ಹೊಡೆದ. ಬೋಲ್ಟು ಸೊಟ್ಟಗಾಯಿತು. ಇನ್ನೊಂದು ತೆಗೆದುಕೊಂಡ, ಹೊಡೆದ, ಅದೂ ಸೊಟ್ಟ. ಸಂಜೆಯೊಳಗೆ ಹದಿನಾರು ಬೋಲ್ಟು ಬಾಳೆಹಣ್ಣಿನ ಹಾಗೆ ಬಾಗಿ ಸಾಲಾಗಿ ಮಲಗಿದವು.

"ಹಿಡಿಸದೇ ಇರೋದನ್ನ ಹೊಡೀತಾರೇನೋ?" ಅಂದಳು ಕೊಟ್ರಮ್ಮ. "ಅರ ತಗೊಂಡು ಉಜ್ಜಬೇಕು. ಹಿಡಿಸೋವರೆಗೂ ಉಜ್ಜಬೇಕು."

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಕೊಟ್ಟ ಮಾತಿಗೆ ತಪ್ಪುವವನಲ್ಲ ನಮ್ಮ ಹಾಲೇಶ. ಮುಂದಿನ ಸಲ ಹಂಗೇ ಮಾಡಿದ.

ಮುಂದಿನ ಸಲ ಬಂದದ್ದು ಪೆಟ್ರೋಲ್ ಟ್ಯಾಂಕು. ಟ್ಯಾಂಕು ಅಗಲ, ಅದನ್ನು ಅಪ್ಪಿ ಹಿಡಿಯುವ ಕಬ್ಬಿಣದ ಪಟ್ಟಿ ಚಿಕ್ಕದು. ಹಾಲೇಶ ಅರ ತೆಗೆದುಕೊಂಡು ಟ್ಯಾಂಕನ್ನು ಉಜ್ಜಿದ. ಒಂದು ದಿನ ಉಜ್ಜಿದ, ಎರಡು ದಿನ ಉಜ್ಜಿದ. ಮೂರನೇ ದಿನ ಓಡಿಬಂದ. "ಅವ್ವ, ಟ್ಯಾಂಕು ಹಿಡಿಸ್ತು."

ಹಿಡಿಸಿತ್ತು. ಒಳಗೆ ಪೆಟ್ರೋಲು ಮಾತ್ರ ನಿಲ್ಲುತ್ತಿರಲಿಲ್ಲ. ಎರಡೂ ಪಕ್ಕ ತೂತು, ಆ ಕಡೆಯಿಂದ ನೋಡಿದರೆ ಈ ಕಡೆ ನಿಂತ ಕೊಟ್ರಮ್ಮ ಕಾಣುತ್ತಿದ್ದಳು.

ಪಕ್ಕದ ಓಣಿಯ ದಸ್ತಗೀರ್ ಸಾಬರು ಬಂದರು. ನಲವತ್ತು ವರ್ಷ ಲಾರಿ ರಿಪೇರಿ ಮಾಡಿದ ಮುದುಕರು. ಟ್ಯಾಂಕನ್ನು ತಿರುಗಿಸಿ ನೋಡಿದರು. "ನಲವತ್ತು ವರ್ಷದಾಗೆ ಟ್ಯಾಂಕು ಕೆತ್ತಿದವನನ್ನ ಇವತ್ತೇ ನೋಡಿದ್ದು ಕೊಟ್ರಮ್ಮಕ್ಕ" ಅಂದರು. ಕೂತು ತಗಡು ಬೆಸೆದುಕೊಟ್ಟರು.

ಕೊಟ್ರಮ್ಮ ಮಗನನ್ನು ತರಾಟೆಗೆ ತೆಗೆದುಕೊಂಡಳು. "ಪಟ್ಟಿ ತಾನೇ ಚಿಕ್ಕದು? ಮನೇಲಿ ಭಟ್ಟಿ ಇಟ್ಕೊಂಡು ಉಜ್ಜುತ್ತಾ ಕೂರ್ತಾರೇನೋ? ಭಟ್ಟಿಯಲ್ಲಿ ಚೆನ್ನಾಗಿ ಕಾಯಿಸಬೇಕು, ಬಗ್ಗಿಸಬೇಕು, ಹಾಕಬೇಕು."

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮಾತಿಗೆ ತಪ್ಪುವವನಲ್ಲ. ಮುಂದಿನ ಸಲ ಹಂಗೇ ಮಾಡಿದ.

ಮುಂದಿನ ಸಲ ಬಂದದ್ದು ಸ್ಟಿಯರಿಂಗಿನ ಹಿಂದೆ, ಮೀಟರುಗಳು ಕೂರುವ ಪ್ಲಾಸ್ಟಿಕ್ಕಿನ ಹಲಗೆ. ಇರುವ ಜಾಗಕ್ಕಿಂತ ಒಂದು ಗೇಣು ಉದ್ದ. ಹಾಲೇಶ ಅದನ್ನು ಹೊತ್ತುಕೊಂಡು ಹೋಗಿ ಭಟ್ಟಿಯ ಕಾದ ಮರಳಿನಲ್ಲಿ ಹೂತು, ಮಂಡಕ್ಕಿ ತಿರುವಿದ ಹಾಗೆ ತಿರುವಿದ. ಹಲಗೆ ಮೊದಲು ಮೆತ್ತಗಾಯಿತು. ಆಮೇಲೆ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿತು. ಆಮೇಲೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆ ದಿನದ ಏಳು ಚೀಲ ಮಂಡಕ್ಕಿ ಟೈರಿನ ವಾಸನೆ ಹೊಡೆಯಿತು. ದನ ಮೂಸಿ ನೋಡಿ ಮುಖ ತಿರುಗಿಸಿದವು.

"ಅಯ್ಯೋ ನನ್ನ ಕರ್ಮವೇ. ಕಾಯಿಸಿದರೆ ಕರಗೋದನ್ನ ಕಾಯಿಸ್ತಾರೇನೋ?" ಕೊಟ್ರಮ್ಮ ಮರಳು ತೋಡಿ ಚೆಲ್ಲುತ್ತಲೇ ಬೈದಳು. "ನೂಲು ಹಿಡಿದು ಅಳತೆ ತಗೋಬೇಕು. ಆ ಅಳತೆಗೆ ಮರದಲ್ಲಿ ಮಾಡಿಸಿ ತರಬೇಕು."

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ಬಡಗಿ ಮೌನೇಶಾಚಾರಿ ಸಾಗುವಾನಿಯಲ್ಲಿ ಹಲಗೆ ಮಾಡಿಕೊಟ್ಟ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದೇ ಸಲಕ್ಕೆ ಹಿಡಿಸಿತು. ಕೊಟ್ರಮ್ಮ ಎರಡು ದಿನ ನೆಮ್ಮದಿಯಾಗಿದ್ದಳು.

ಮೂರನೇ ದಿನ ಹಾಲೇಶ ಹೊಗೆ ಹೋಗುವ ಸೈಲೆನ್ಸರ್ ಕೊಳವೆ ಹಾಕಲು ಕೂತ. ಕೊಳವೆ ಎರಡು ಗೇಣು ಗಿಡ್ಡ. ನೂಲು ಹಿಡಿದು ಅಳತೆ ತೆಗೆದುಕೊಂಡ. ಆಚಾರಿಯ ಹತ್ತಿರ ಓಡಿದ. ಆಚಾರಿ ಏನಕ್ಕೆ ಎಂದು ಕೇಳಲಿಲ್ಲ, ಹಾಲೇಶ ಹೇಳಲಿಲ್ಲ. ಮರದ ಕೊಳವೆ ಬಂತು, ಹಿಡಿಸಿತು. ದಸ್ತಗೀರ್ ಸಾಬರು ಎಂಜಿನ್ ಚಾಲೂ ಮಾಡಿ ಕಿವಿಯಿಟ್ಟು ಕೇಳಿದರು. "ಎಂಜಿನ್ ಪಸಂದಾಗೈತೆ. ಆದ್ರೆ ಯಾರೋ ಎಲ್ಲೋ ಅಡುಗೆಗೆ ಒಲೆ ಹಚ್ಚಿದ್ದಾರೆ" ಅಂದರು. ತಿರುಗಿ ನೋಡಿದರೆ ಕಾರಿನ ಹಿಂದಿನಿಂದ ಉರಿ ಏಳುತ್ತಿತ್ತು. ಅಕ್ಕಿ ನೆನೆಸುವ ಬಾನಿಯನ್ನೇ ಎತ್ತಿ ಸುರಿದು ಆರಿಸಬೇಕಾಯಿತು.

ಕೊಟ್ರಮ್ಮ ಒದ್ದೆ ಅಕ್ಕಿಯ ನಡುವೆ ಕೂತುಬಿಟ್ಟಳು. ಆಯುಧಪೂಜೆಗೆ ಇಪ್ಪತ್ತಾರು ದಿನ ಇತ್ತು. "ವಾಪಸ್ ಕಳಿಸಿಬಿಡೋಣಕ್ಕ. ಹರಿಹರದವರೂ ನಕ್ಕುಬಿಡಲಿ" ಅಂದಳು.

ದಸ್ತಗೀರ್ ಸಾಬರು ಹಾಲೇಶನನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನೋಡು ಮಗ. ಹೊಡೀಬೇಡ, ಉಜ್ಜಬೇಡ, ಕಾಯಿಸಬೇಡ. ಹಿಡಿಸದೇ ಇದ್ದರೆ ಬಿಚ್ಚು. ಬಿಚ್ಚಿದ್ದನ್ನ ಬಿಚ್ಚಿದ ಸಾಲಿನಾಗೇ ಚಾಪೆ ಮೇಲೆ ಇಡು. ಕೊನೆಗೆ ಏನು ಬಿಚ್ಚಿದ್ಯೋ ಅದನ್ನ ಮೊದಲು ವಾಪಸ್ ಹಾಕು. ಒಂದು ಜಾಗದಾಗೆ ಹಿಡಿಸದಿದ್ದರೆ ಇನ್ನೊಂದು ಜಾಗದಾಗೆ ಹಚ್ಚಿ ನೋಡು. ಅಷ್ಟೇ ಇಲ್ಮು, ಅಷ್ಟೇ ವಿದ್ಯೆ."

"ಆಯ್ತು ಸಾಬ್ರೇ. ಮುಂದಿನ ಸಲ ಹಂಗೇ ಮಾಡ್ತೀನಿ."

ಹಂಗೇ ಮಾಡಿದ. ಚಾಪೆ ಹಾಸಿದ. ಬಿಚ್ಚಿದ, ಸಾಲಾಗಿ ಇಟ್ಟ, ಜೋಡಿಸಿದ. ಹಿಡಿಸಲಿಲ್ಲ. ಬಿಚ್ಚಿದ, ಸಾಲಾಗಿ ಇಟ್ಟ, ಜೋಡಿಸಿದ. ಹಿಡಿಸಲಿಲ್ಲ. ಬೇರೆ ಯಾರೇ ಆಗಿದ್ದರೂ ಐದನೇ ಸಲಕ್ಕೆ ಸ್ಪ್ಯಾನರ್ ಬಾವಿಗೆ ಎಸೆಯುತ್ತಿದ್ದರು. ಸಾಕು ಎಂದು ಹಾಲೇಶನಿಗೆ ಯಾರೂ ಹೇಳಲಿಲ್ಲ, ಅವನು ನಿಲ್ಲಿಸಲಿಲ್ಲ. ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಬಂದೆ. ಮೂವತ್ತೆಂಟು ಸಲ ಬಿಚ್ಚಿದ, ಮೂವತ್ತೊಂಬತ್ತು ಸಲ ಜೋಡಿಸಿದ. ಎಡಕ್ಕೆ ಹಿಡಿಸದ ರಾಡು ಬಲಕ್ಕೆ ಹಿಡಿಸಿತು. ಮುಂದಿನದೆಂದು ಬಂದ ಸ್ಪ್ರಿಂಗು ಹಿಂದಕ್ಕೆ ಕೂತಿತು. ಉದ್ದದ ಬಾಗಿಲು ಎಡಕ್ಕೂ ಹಿಡಿಸಲಿಲ್ಲ, ಬಲಕ್ಕೂ ಹಿಡಿಸಲಿಲ್ಲ. ತಲೆಕೆಳಗು ಮಾಡಿದ, ಹಿಡಿಸಿತು. ಆ ಕಡೆಯಿಂದ ಹತ್ತುವವರು ಮೊಣಕಾಲ ಹತ್ತಿರ ಕೈಹಾಕಿ ಹಿಡಿಕೆ ತಿರುಗಿಸಬೇಕು, ಅಷ್ಟೇ.

ನವರಾತ್ರಿಯ ಆರನೇ ದಿನ ಬೆಳಿಗ್ಗೆ ಹತ್ತೂಕಾಲಿಗೆ ಕಾರು ಭಟ್ಟಿಯ ಅಂಗಳದಿಂದ ಯಾರೂ ನೂಕದೆ ಹೊರಗೆ ಬಂತು. ಭಟ್ಟಿಯ ಆಳುಗಳೆಲ್ಲ ಜರಡಿ ಬಡಿದು ಸದ್ದು ಮಾಡಿದರು. ದಸ್ತಗೀರ್ ಸಾಬರು ಪಕ್ಕದಲ್ಲಿ ಕೂತು ಮೂರು ದಿನ ಓಡಿಸಲು ಕಲಿಸಿದರು. ಕೊಟ್ರಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಈಗಲೂ ಗೊತ್ತಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಹೊರಡುವ ಮೊದಲು ಕೊಟ್ರಮ್ಮ, "ದೊಡ್ಡವ್ವನ ಮನೆಗೆ ಪೂಜೆಗೆ ಒಂದು ಪುಟ್ಟಿ ಮಂಡಕ್ಕಿ ಕೊಟ್ಟು ಬಾ" ಎಂದು ಕಳಿಸಿದಳು. ಹಾಲೇಶ ಬಂದು ನಮ್ಮ ಬಾಗಿಲ ಮುಂದೆ ಪುಟ್ಟಿ ಇಟ್ಟು ಹೊರಟುಹೋದ. ನಾನು ಬಂದು ನೋಡುವ ಹೊತ್ತಿಗೆ ಬೀದಿಯ ಹಸು ಪುಟ್ಟಿಯನ್ನು ನೆಕ್ಕುತ್ತಿತ್ತು.

"ತಂದಿದ್ದನ್ನ ಯಾರಾದ್ರೂ ಹೊರಗೆ ಬಿಟ್ಟು ಬರ್ತಾರೇನೋ?" ಅಂದಳು ಕೊಟ್ರಮ್ಮ. "ಹೊಸಿಲು ತುಳೀದೆ, ಬಲಗಾಲಿಟ್ಟು ಒಳಗೆ ತಗೊಂಡು ಹೋಗಬೇಕು. ದೇವರ ಮುಂದೆ ಇಡಬೇಕು. ಆಮೇಲೆ ಮಾತು."

"ಆಯ್ತವ್ವ. ಮುಂದಿನ ಸಲ ಹಂಗೇ ಮಾಡ್ತೀನಿ."

ನಾನು, ಕೊಟ್ರಮ್ಮ, ದಸ್ತಗೀರ್ ಸಾಬರು ಕಾರಿನಲ್ಲಿ ಕೂತೆವು. ಹರಿಹರದ ತನಕ ದಾರಿಯಲ್ಲಿ ಒಂದು ಬೋಲ್ಟೂ ಉದುರಲಿಲ್ಲ. ಮೇಷ್ಟ್ರ ಓಣಿ ಹೊಕ್ಕಾಗ ಜನ ಮಾಳಿಗೆ ಹತ್ತಿ ನೋಡಿದರು. ಓಂಕಾರಪ್ಪ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಹಿಂದೆ ನೀಲಗಂಗಾ ನಿಂತಿದ್ದಳು. ಕಾರು ಬಾಗಿಲ ಎದುರು ನಿಂತಿತು, ನಾವು ಇಳಿದೆವು. ಅಲ್ಲಿಗೆ ಮುಗಿಯಬೇಕಿತ್ತು.

ಹಾಲೇಶ ಇಳಿದು ಯಾರ ಮುಖವನ್ನೂ ನೋಡದೆ ಜೇಬಿನಿಂದ ನೂಲು ತೆಗೆದ. ಬಾಗಿಲು ಅಳೆದ, ಮೂರಡಿ. ಕಾರು ಅಳೆದ, ನಾಲ್ಕಡಿ ಒಂಬತ್ತಿಂಚು. ಚಾಪೆ ಹಾಸಿದ. ಸ್ಪ್ಯಾನರ್ ಹಿಡಿದು ಮುಂದಿನ ಬಲಚಕ್ರ ಬಿಚ್ಚಲು ಶುರು ಮಾಡಿದ.

"ಏನಪ್ಪ ಮಾಡ್ತಿದ್ದೀಯ?" ಅಂದರು ಮೇಷ್ಟ್ರು.

"ಒಳಗೆ ತರ್ತಿದ್ದೀನಿ ಮೇಷ್ಟ್ರೇ. ಹೊರಗಿಟ್ಟರೆ ಹಸು ತಿನ್ನುತ್ತೆ."

ಕೊಟ್ರಮ್ಮ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. "ಮುಗೀತಕ್ಕ. ಬಾಗಿಲ ತನಕ ಬಂದು ಮುಗೀತು." ಹೋಗಿ ತಡೆಯಲು ಹೊರಟಳು. ಮೇಷ್ಟ್ರು ಕೈ ಅಡ್ಡ ಹಿಡಿದರು. "ತಡೀರಮ್ಮ. ಸ್ವಲ್ಪ ನೋಡೋಣ" ಅಂದರು. ಅವರ ಕಣ್ಣು ಹಾಲೇಶನ ಕೈಮೇಲಿತ್ತು.

ಬಲಚಕ್ರ ಮೊದಲು ಹೊಸಿಲು ದಾಟಿತು. ಆಮೇಲೆ ಉಳಿದದ್ದು. ಕಾರಿನ ಮೈಯನ್ನು ಓರೆ ಮಾಡಿ ಒಳಗೆ ಜಾರಿಸಿದರು. ಎಂಜಿನ್ನನ್ನು ಬಿದಿರಿಗೆ ಕಟ್ಟಿ ಓಣಿಯ ಆರು ಜನ ಹೊತ್ತರು. ಒಬ್ಬೊಬ್ಬರಿಗೂ ಹಾಲೇಶ, "ಹೊಸಿಲು ತುಳೀಬೇಡ್ರಿ" ಎಂದು ಹೇಳಿದ. ಪಡಸಾಲೆಯಲ್ಲಿ, ದೇವರ ಕೋಣೆಯ ಎದುರು, ಕೊನೆಗೆ ಬಿಚ್ಚಿದ್ದನ್ನು ಮೊದಲು ಇಟ್ಟು ಜೋಡಿಸತೊಡಗಿದ.

ಮೇಷ್ಟ್ರು ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತರು. ಒಂದು ರಾಡು ಕೈಗೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ. "ಅದು ಎಡಕ್ಕೆ ಹಾಕೋದಲ್ವೇನಪ್ಪ? ಪುಸ್ತಕದಲ್ಲಿ ಎಡಕ್ಕೇ ತೋರಿಸಿದ್ದಾರೆ."

"ಎಡಕ್ಕೆ ಹಿಡಿಸಲ್ಲ ಮೇಷ್ಟ್ರೇ. ಬಲಕ್ಕೆ ಹಿಡಿಸುತ್ತೆ." ಹಾಕಿದ, ಹಿಡಿಸಿತು.

ಮೇಷ್ಟ್ರು ಬಗ್ಗಿ ಆ ರಾಡನ್ನು ಮುಟ್ಟಿ ನೋಡಿದರು. "ಏಳು ವರ್ಷ ನಾನು ಎಡಕ್ಕೇ ನೂಕಿದೆನಲ್ಲಪ್ಪ" ಅಂದರು.

ನೀಲಗಂಗಾ ನೀರು ತಂದು ಕೊಟ್ಟಳು. ಕೊಡುತ್ತಾ ಕೇಳಿದಳು, "ಇಷ್ಟು ಸಲ ಹಿಡಿಸದೇ ಹೋದಾಗ ನಿಮಗೆ ಸಿಟ್ಟು ಬರಲಿಲ್ವಾ?"

ಹಾಲೇಶ ಸ್ಪ್ಯಾನರ್ ಕೆಳಗಿಟ್ಟು ಯೋಚಿಸಿದ. "ಸಿಟ್ಟು ಬಂದಿದ್ರೆ ಹಿಡಿಸ್ತಿತ್ತಾ ಮೇಡಂ?"

ಅವನು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ. ನೀಲಗಂಗಾ ಅವನನ್ನೇ ನೋಡಿದಳು. ಅವಳಿಗೆ ಚೆನ್ನಾಗಿ ನೋಡು ಎಂದು ಯಾರೂ ಹೇಳಿರಲಿಲ್ಲ. "ಅಪ್ಪ, ನಾನು ಮನೆಗೆ ತರಬೇಕು ಅಂದಿದ್ದೆ. ಇವರು ಮನೆಯೊಳಗೇ ತಂದ್ರು. ನನಗೆ ಒಪ್ಪಿಗೆ" ಅಂದಳು.

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಪಡಸಾಲೆಯಲ್ಲಿ ಎಂಜಿನ್ ಚಾಲೂ ಆಯಿತು. ದೇವರ ಮುಂದಿನ ಘಂಟೆ ತಾನಾಗಿ ಅಲ್ಲಾಡಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಒಂದು ಅಡಿ ಮುಂದೆ, ಒಂದು ಅಡಿ ಹಿಂದೆ ಓಡಿಸಿದರು. ಮೇಷ್ಟ್ರು ಬಾನೆಟ್ ಮೇಲೆ ಕೈಯಿಟ್ಟು ನಿಂತರು. "ಅಳಿಯಂದಿರೇ, ಇದು ಇಡಿಯಾಗಿ ನಿಂತಿದ್ದನ್ನ ನೋಡೋಕೆ ಏಳು ವರ್ಷ ಕಾದೆ. ಇನ್ನು ಇದರ ಒಂದು ಬೋಲ್ಟೂ ಬಿಚ್ಚಕೂಡದು."

"ಆಯ್ತು ಮಾವ. ಮುಂದಿನ ಸಲ ಹಂಗೇ ಮಾಡ್ತೀನಿ."

ಮಾಘದಲ್ಲಿ ಮದುವೆ. ಮೇಷ್ಟ್ರ ಮನೆ ಮುಂದೆಯೇ ಚಪ್ಪರ. ಮುಹೂರ್ತ ಆಯಿತು, ಊಟ ಆಯಿತು, ಎಲೆ ಅಡಿಕೆ ಆಯಿತು. ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ಆರತಿ ಸಿದ್ಧಮಾಡಬೇಕೆಂದು ಕೊಟ್ರಮ್ಮ ಬಸ್ಸಿನಲ್ಲಿ ಮುಂದಾಗಿ ದಾವಣಗೆರೆಗೆ ಹೋದಳು. ಹೋಗುವಾಗ, "ಅವಳನ್ನ ಕಾರಿನಲ್ಲೇ ಕರ್ಕೊಂಡು ಬಾ" ಎಂದು ಹೇಳಿ ಹೋದಳು.

ಕಾರು ಪಡಸಾಲೆಯಲ್ಲಿತ್ತು. ಒಂದು ಬೋಲ್ಟೂ ಬಿಚ್ಚುವ ಹಾಗಿರಲಿಲ್ಲ. ಹಾಲೇಶ ಮದುವೆಯ ಪಂಚೆಯನ್ನು ಮೇಲಕ್ಕೆ ಕಟ್ಟಿದ. ಚಾಪೆ ಹಾಸಿದ. ಮುಂದಿನ ಗೋಡೆ ಬಿಚ್ಚಲು ಶುರು ಮಾಡಿದ.

ಹಳೇ ಕಾಲದ ಮನೆ. ಮಾಳಿಗೆಯ ಭಾರವೆಲ್ಲ ಮರದ ಕಂಬಗಳ ಮೇಲೆ, ಗೋಡೆ ಬರೀ ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ. ಮೊದಲು ಬಾಗಿಲು, ಆಮೇಲೆ ಚೌಕಟ್ಟು, ಆಮೇಲೆ ಇಟ್ಟಿಗೆ. ಒಂದೊಂದನ್ನೂ ಬಿಡಿಸಿ ಸಾಲಾಗಿ ಇಟ್ಟ. ಚಾಪೆ ಸಾಲದೆ ಬೀಗರ ಜಮಖಾನೆಗಳನ್ನೂ ಹಾಸಿದರು. ನೆಂಟರು ಎಲೆ ಅಡಿಕೆ ಜಗಿಯುತ್ತಾ ನೋಡಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಸಾಲಾಗಿ ಮಲಗಿದ ಇಟ್ಟಿಗೆಗಳನ್ನು ನೋಡಿ ಮುಚ್ಚಿದರು. ಅಂಥ ಅಚ್ಚುಕಟ್ಟನ್ನು ಅವರು ಮೂವತ್ತು ವರ್ಷ ಕಲಿಸಿದ ಹುಡುಗರಲ್ಲಿ ಒಬ್ಬನೂ ತೋರಿಸಿರಲಿಲ್ಲವಂತೆ. ಎಣಿಸಿದ್ದು ನಾನು: ಎಂಟುನೂರ ಹನ್ನೆರಡು ಇಟ್ಟಿಗೆ.

ನೀಲಗಂಗಾ ಧಾರೆ ಸೀರೆಯಲ್ಲೇ ಮೊಣಕಾಲ ಹತ್ತಿರದ ಹಿಡಿಕೆ ತಿರುಗಿಸಿ ಕಾರು ಹತ್ತಿದಳು. ಗೋಡೆ ಇದ್ದ ಜಾಗದಿಂದ ಕಾರು ಗಂಭೀರವಾಗಿ ಹೊರಗೆ ಬಂತು. ವಾಲಗದವರು ಬಾರಿಸಿದರು. ಜನ ಅಕ್ಷತೆ ಎರಚಿದರು. ನಾನೂ ಎರಚಿದೆ.

"ಅಳಿಯಂದಿರೇ, ಗೋಡೆ?" ಅಂದರು ಮೇಷ್ಟ್ರು.

"ಹಾಕಿಕೊಟ್ಟೇ ಹೋಗ್ತೀನಿ ಮಾವ." ಹಾಲೇಶ ಒಂದು ಕ್ಷಣ ಯೋಚಿಸಿದ. "ಕೊನೆಗೆ ಹೊರಗೆ ಬಂದಿದ್ದು ಕಾರು. ಅದು ಮೊದಲು ವಾಪಸ್ ಹೋಗಬೇಕು."

ಕಾರನ್ನು ಹಿಂದಕ್ಕೆ ಓಡಿಸಿ, ಹೆಂಡತಿ ಸಮೇತ, ಪಡಸಾಲೆಯಲ್ಲಿ ದೇವರ ಕೋಣೆಯ ಎದುರು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದ. ಇಳಿದು ಬಂದು ಮಣ್ಣು ಕಲಸಿದ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ, ಚೌಕಟ್ಟು ನಿಲ್ಲಿಸಿದ, ಬಾಗಿಲು ಹಾಕಿದ. ಹೊತ್ತು ಮುಳುಗುವುದರೊಳಗೆ ಗೋಡೆ ಎದ್ದು ನಿಂತಿತು. ಮೇಷ್ಟ್ರು ತೂಗುಗುಂಡು ಇಳಿಬಿಟ್ಟು ನೇರ ನೋಡಿದರು, ಒಂದು ನೂಲೂ ಓರೆಯಿರಲಿಲ್ಲ. ಎಂಟುನೂರ ಹನ್ನೆರಡರಲ್ಲಿ ಒಂದು ಇಟ್ಟಿಗೆಯೂ ಉಳಿಯಲಿಲ್ಲ.

ಹಾಲೇಶ ಕೈ ತೊಳೆದುಕೊಂಡು, ಹೊಸಿಲು ತುಳಿಯದೆ ಬಲಗಾಲಿಟ್ಟು ಒಳಗೆ ಹೋಗಿ, ಕಾರು ಹತ್ತಿ ಸ್ಟಿಯರಿಂಗ್ ಹಿಡಿದು ಕೂತ. ಎದುರಿಗೆ ಗೋಡೆ. ಬಾಗಿಲಾಚೆ ನೂರಾರು ನೆಂಟರು ಉಸಿರು ಬಿಗಿಹಿಡಿದು ನಿಂತಿದ್ದರು. ಪಕ್ಕದಲ್ಲಿ ನೀಲಗಂಗಾ ನಕ್ಕು ನಕ್ಕು ಬಾಸಿಂಗ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕರೆದಳು.

"ದೊಡ್ಡವ್ವ, ಅತ್ತೆಗೆ ಒಂದು ಫೋನ್ ಮಾಡಿ. ಕಾರಿನಲ್ಲಿ ಕೂತಿದ್ದೀವಿ, ನಾಳೆ ಗೋಡೆ ಬಿಚ್ಚಿಕೊಂಡು ಬರ್ತೀವಿ ಅಂತ ಹೇಳಿ."